ಓಣಿಗೆ ಬಂದ ಗಾಲಿಮನೆಗಳು

ನಮ್ಮ ತವರಿನ ಓಣಿಯಲ್ಲಿ ಎದುರುಬದುರಾದ ಗಾಡಿಗಳು ಸರಿದುಕೊಳ್ಳಲು ಜಾಗವಿರುವುದು ಎರಡೇ ಕಡೆ. ಕೆಳಗೆ ಬಾವಿಯ ಹತ್ತಿರ, ಮೇಲೆ ಮುರಿದ ಗೇಟಿನ ಹತ್ತಿರ. ಉಳಿದ ಉದ್ದಕ್ಕೂ ಒಂದು ಮಗ್ಗುಲಿಗೆ ಕಲ್ಲಿನ ಗೋಡೆ, ಇನ್ನೊಂದು ಮಗ್ಗುಲಿಗೆ ಮುಳ್ಳಿನ ಬೇಲಿ. ನಡುವೆ ಒಂದು ಕುರುಡು ತಿರುವು. ಆ ತಿರುವಿಗೆ ಬರುವ ಮೊದಲು ಎರಡು ಸಲ ಹಾರ್ನ್ ಒತ್ತಿ, ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳಬೇಕು. ಆಚೆಯಿಂದ ಉತ್ತರ ಬಂದರೆ ನಿಲ್ಲುವುದು, ಬಾರದಿದ್ದರೆ ಹೋಗುವುದು. ಇದನ್ನು ಯಾರೂ ಬೋರ್ಡು ಬರೆದು ಹಾಕಿಲ್ಲ. ಅಪ್ಪನ ಪಕ್ಕದಲ್ಲಿ ಕೂತು ನಾನೂ ನನ್ನ ತಮ್ಮನೂ ಕಲಿತದ್ದು. ಆ ಓಣಿಯಲ್ಲಿ ಗಾಡಿ ಓಡಿಸುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಆ ದಿನವೂ ನಾನು ಎರಡು ಸಲ ಒತ್ತಿದೆ, ಕೇಳಿಸಿಕೊಂಡೆ. ಏನೂ ಇಲ್ಲ. ಗೇರ್ ಹಾಕಿ ತಿರುವು ದಾಟಿದೆ. ದಾಟಿದವಳ ಮೂಗಿನ ಮುಂದೆ ಒಂದು ಮನೆ ನಿಂತಿತ್ತು.

ಮನೆ ಎಂದರೆ ಮನೆಯೇ. ಬೆಳ್ಳಗೆ, ಎತ್ತರಕ್ಕೆ, ಮಾಡಿನ ಮೇಲೆ ಎರಡು ಸೈಕಲ್ಲು, ಪಕ್ಕದ ಕಿಟಕಿಗಳಿಗೆ ಹೂವಿನ ಪರದೆ. ಮುಂದಿನ ಗಾಜಿನೊಳಗಿಂದ ಅಡಿಗೆಕಟ್ಟೆ ಕಾಣುತ್ತಿತ್ತು. ಅದರಲ್ಲಿ ನಲ್ಲಿ, ತೊಟ್ಟಿ, ಮೇಲೆ ಸಾಲಾಗಿ ತೂಗುಹಾಕಿದ ಬಟ್ಟಲುಗಳು. ನನ್ನ ಅಡಿಗೆಮನೆಗಿಂತ ಅದೇ ಓರಣವಾಗಿತ್ತು. ಸ್ಟಿಯರಿಂಗ್ ಹಿಂದೆ ಬಟ್ಟೆ ಟೋಪಿ ಹಾಕಿಕೊಂಡ ಗಂಡಸು, ಪಕ್ಕದಲ್ಲಿ ಅವನ ತಾಯಿ. ಇಬ್ಬರೂ ನಗುತ್ತಾ ನನ್ನತ್ತ ಕೈ ಬೀಸುತ್ತಿದ್ದರು.

ನನ್ನ ಪಿಕಪ್ಪಿನ ಹಿಂದೆ ಜೇನುಪೆಟ್ಟಿಗೆಗಳಿದ್ದವು. ನಾವು ಜೇನು ಸಾಕುವವರು. ಹೂ ಬಿಡುವ ಕಾಲಕ್ಕೆ ಪೆಟ್ಟಿಗೆಗಳನ್ನು ತೋಟಗಳಿಗೆ ಕೊಂಡೊಯ್ದು ಇಟ್ಟರೆ ಹಣ್ಣು ಕಟ್ಟುತ್ತದೆ, ತೋಟದವರು ಕೂಲಿ ಕೊಡುತ್ತಾರೆ. ಹುಳುಗಳನ್ನು ಸಾಗಿಸುವುದು ಬೆಳಕು ಹರಿಯುವ ಮೊದಲು. ಅವೆಲ್ಲ ಗೂಡಿನೊಳಗಿರುವಾಗ ಬಾಗಿಲಿಗೆ ಪಟ್ಟಿ ಹೊಡೆದು, ಮೇಲೆ ಉಸಿರಾಡಲು ಜಾಲರಿ ಬಿಟ್ಟು, ಬಿಸಿಲೇರುವ ಮುಂಚೆ ಇಳಿಸಿಬಿಡಬೇಕು. ಗಾಡಿ ಓಡುತ್ತಿದ್ದರೆ ಗಾಳಿ ಆಡುತ್ತದೆ, ಬದುಕುತ್ತವೆ. ನಿಂತ ಗಾಡಿಯ ಮೇಲೆ ಬಿಸಿಲು ಬಿದ್ದರೆ ಗಾಬರಿಗೆ ತಾವೇ ಕಾವೇರಿಸಿಕೊಂಡು, ಮೇಣ ಕರಗಿ, ತಮ್ಮ ಜೇನಿನಲ್ಲಿ ತಾವೇ ಮುಳುಗಿ ಸಾಯುತ್ತವೆ. ಅವತ್ತು ಮೊದಲೇ ತಡವಾಗಿತ್ತು. ಗಂಡನ ಕಾರ್ಖಾನೆ ಪಾಳಿ ಮುಗಿದು ಗಾಡಿ ನನ್ನ ಕೈಗೆ ಸಿಕ್ಕಾಗಲೇ ಆಕಾಶ ಬೆಳ್ಳಗಾಗಿತ್ತು. ದೊಡ್ಡ ರಸ್ತೆ ಸುತ್ತು, ಓಣಿ ಹತ್ತಿರ ಎಂದುಕೊಂಡು ಓಣಿಗೆ ನುಗ್ಗಿದ್ದೆ. ಹೋದ ವರ್ಷ ರೋಗ ಬಡಿದು ಅರ್ಧ ಗೂಡುಗಳು ಹೋಗಿದ್ದವು. ಉಳಿದವೆಲ್ಲ ಆ ಗಾಡಿಯಲ್ಲಿದ್ದವು. ಮನೆಯಲ್ಲಿ ಬೇರೆ ಪೆಟ್ಟಿಗೆ ಇಲ್ಲ.

ಇಳಿದು ಹೋಗಿ ಅವನ ಕಿಟಕಿ ತಟ್ಟಿದೆ. ಗಾಜು ಸರ್ರನೆ ಇಳಿಯಿತು, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

"ಹಾರ್ನ್ ಕೇಳಿಸಲಿಲ್ವಾ ನಿಮಗೆ?"

"ಕೇಳಿಸ್ತಲ್ಲ," ಎಂದ ಟೋಪಿಯವನು. "ಊರವರು ನಮಸ್ಕಾರ ಹೇಳ್ತಿದಾರೆ ಅಂದ್ಕೊಂಡ್ವಿ. ಅಮ್ಮ ಕೂಡ ಕೈ ಬೀಸಿದ್ರು."

"ಸ್ವಲ್ಪ ಹಿಂದಕ್ಕೆ ತಗೊಳ್ಳಿ," ಎಂದೆ. "ಮೇಲೆ ಒಂದು ಮುರಿದ ಗೇಟಿದೆ, ಈಗಷ್ಟೇ ದಾಟಿ ಬಂದಿರ್ತೀರಿ. ಅಲ್ಲಿ ನೀವು ಒತ್ತಿಕೊಂಡ್ರೆ ನಾನು ಹೋಗಿಬಿಡ್ತೀನಿ. ಹಿಂದೆ ಜೇನಿದೆ, ಬಿಸಿಲಲ್ಲಿ ನಿಲ್ಲಿಸೋ ಹಾಗಿಲ್ಲ."

"ನೀವೇ ಹಿಂದಕ್ಕೆ ಹೋಗಬಹುದಲ್ವಾ? ನಿಮ್ಮದು ಚಿಕ್ಕ ಗಾಡಿ."

"ಹಿಂದೆ ಕುರುಡು ತಿರುವು. ಅಲ್ಲಿಂದಾಚೆ ಬಾವಿವರೆಗೂ ಇಳಿಜಾರು. ನಿಮಗೆ ಗೇಟು ಹತ್ತಿರ. ಹತ್ತಿರ ಇದ್ದೋರು ಹಿಂದೆ ಹೋಗೋದು ಇಲ್ಲಿಯ ರೂಢಿ."

"ಅದು ನಿಮ್ಮ ಊರಿನ ರೂಢಿ," ಎಂದ ಅವನು, ಬೇಸರವೇನೂ ಇಲ್ಲದೆ, ಹವೆಯ ಮಾತಾಡಿದ ಹಾಗೆ. ಅಷ್ಟು ಹೇಳಿ ತಾಯಿಯ ಕಡೆ ತಿರುಗಿ ದನಿ ತಗ್ಗಿಸಿ, "ಇದನ್ನ ರಿವರ್ಸ್ ತಗೊಂಡೇ ಇಲ್ಲ ನಾನು. ಬಾಡಿಗೆ ಕೊಟ್ಟೋರು ಸ್ನಾನದ ಬಿಸಿನೀರು ಹೇಗೆ ಬರುತ್ತೆ ಅಂತ ತೋರಿಸಿದ್ರು. ಇದನ್ನ ಎಲ್ಲಿ ತೋರಿಸಿದ್ರು?"

"ನೀನೂ ಕೇಳಲಿಲ್ಲ," ಎಂದರು ತಾಯಿ.

ಸರಿ, ಯಾರ ಮುಖ ನೋಡಿ ಕೂತರೆ ನನ್ನ ಹುಳು ಬದುಕುತ್ತವೆ? ನಾನೇ ಹಿಂದೆ ಹೋಗುತ್ತೇನೆಂದು ಗಾಡಿ ಹತ್ತಿದೆ. ಕನ್ನಡಿ ನೋಡಿದರೆ ತಿರುವಿನಿಂದ ಇನ್ನೊಂದು ಬಿಳಿ ಮೂತಿ ನಿಧಾನಕ್ಕೆ ಹೊರಬರುತ್ತಿತ್ತು. ಇನ್ನೊಂದು ಮನೆ. ಅದರದೂ ಹಾರ್ನ್ ಇಲ್ಲ, ಏನೂ ಇಲ್ಲ. ನನ್ನ ಬಂಪರಿಗೆ ಮೊಳದಷ್ಟು ಜಾಗ ಬಿಟ್ಟು ನಿಂತಿತು. ಕಪ್ಪು ಕನ್ನಡಕದ ಹೆಂಗಸೊಬ್ಬಳು ಇಳಿದು ಬಂದಳು, ಕಾಲಿಗೆ ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ.

"ಯಾಕೆ ನಿಂತಿದ್ದು?"

"ನೀವು ಯಾಕೆ ಬಂದ್ರಿ?"

"ನಿಮ್ಮ ಗಾಡಿ ಹೋಗ್ತಿತ್ತಲ್ಲ. ಗಾಡಿ ಹೋಗ್ತಿದ್ರೆ ದಾರಿ ಇದೆ ಅಂತ ತಾನೇ?"

ಮುಂದಿನ ಮನೆಯವನೂ ಇಳಿದು ಬಂದ. ನನ್ನ ಗಾಡಿಯ ಎರಡು ಬದಿಗೆ ನಿಂತು ಅವರಿಬ್ಬರೂ ಮಾತಿಗಿಳಿದರು. ನಿಮ್ಮದು ಯಾವ ಮಾದರಿ, ಒಳಗೆ ಎಷ್ಟು ಜನ ಮಲಗಬಹುದು, ಗುಂಡಿಯಲ್ಲಿ ಬಟ್ಟಲುಗಳು ಉದುರುತ್ತವಾ. ನಾನು ನಡುವೆ ನಿಂತಿದ್ದೇನೆ, ಬಸ್‌ಸ್ಟ್ಯಾಂಡಿನ ಕಂಬದ ಹಾಗೆ. ಪೆಟ್ಟಿಗೆಗಳ ಸದ್ದು ಬದಲಾಗತೊಡಗಿತ್ತು. ಬೆಳಿಗ್ಗೆ ಹೊರಟಾಗ ಗುಯ್ ಎನ್ನುತ್ತಿದ್ದದ್ದು ಈಗ ಒಲೆ ಮೇಲಿನ ಎಸರಿನ ಹಾಗೆ ಮೊರೆಯುತ್ತಿತ್ತು. ಜಾಲರಿಗೆ ಕೈ ಇಟ್ಟು ನೋಡಿದೆ. ಬಿಸಿ, ಮತ್ತು ಒದ್ದೆ.

"ಸ್ವಾಮಿ," ಎಂದೆ ಟೋಪಿಯವನಿಗೆ. "ಮಾತು ಆಮೇಲೆ. ನಾನು ಹಿಂದೆ ನಿಂತು ಕೈ ತೋರಿಸ್ತೀನಿ. ನಿಧಾನಕ್ಕೆ ತಗೊಳ್ಳಿ. ಇದು ನಮ್ಮ ಅನ್ನದ ಪ್ರಶ್ನೆ."

ಅವನ ಮುಖ ಕೆಂಪಾಯಿತು, ಆದರೂ ಹತ್ತಿದ. ನಾನು ಗೋಡೆ ಹಿಡಿದುಕೊಂಡು ನುಸುಳಿ ಹಿಂದೆ ಹೋಗಿ ನಿಂತೆ. ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸಿದ. ಸಾಕು ಎಂದರೆ ಇನ್ನಷ್ಟು ಒತ್ತಿದ. ಹಿಂದಿನ ಮೂಲೆ ಗೋಡೆಗೆ ಕರಕರನೆ ಉಜ್ಜಿ, ಎರಡು ಕಲ್ಲುಗಳ ನಡುವೆ ಸಿಕ್ಕಿ, ನಿಂತುಬಿಟ್ಟಿತು. ಇನ್ನು ಅದು ಹೋಗುವುದಿದ್ದರೆ ಮುಂದಕ್ಕೆ ಮಾತ್ರ. ಮುಂದೆ ನಾನು.

"ನೀವು ಹೇಳಿದ್ರಿ ಅಂತ ತಗೊಂಡೆ," ಎಂದು ಅವನು ಇಳಿದು ಬಂದು ನನಗೇ ರೇಗಿದ. "ಇದಕ್ಕೆ ಯಾರು ಹೊಣೆ?"

ನನಗೆ ನೆತ್ತಿಗೇರಿತು. ಕಪ್ಪು ಕನ್ನಡಕದವಳ ಕಡೆ ತಿರುಗಿದೆ. ಅವಳು ನಾನು ಬಾಯಿ ತೆರೆಯುವ ಮೊದಲೇ ತಲೆಯಾಡಿಸಿದಳು. "ಅದನ್ನ ನೋಡಿದ ಮೇಲೆ ನಾನು ಮುಟ್ಟೋದಿಲ್ಲ. ನಾವು ಉಳ್ಕೊಳ್ಳೋ ಜಾಗದವರಿಗೆ ಫೋನ್ ಮಾಡಿದೀನಿ, ಬರ್ತಾರೆ. ಅವರೇ ಈ ದಾರೀಲಿ ಬನ್ನಿ ಅಂದಿದ್ದು."

"ಅಲ್ಲಿಂದ ಹೊರಡೋಕೆ ನಮಗೂ ಈ ದಾರಿ ಹೇಳಿದ್ದು ಅವರೇ," ಎಂದ ಟೋಪಿಯವನು.

"ಯಾರು ಅವರು?"

"ಮೇಲೆ ಹೊಲದಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಮಾಡಿದಾರಲ್ಲ, ಮೀಸೆಯವರು. ತುಂಬಾ ಒಳ್ಳೆಯವರು."

ಆ ಮೀಸೆಯವರು ನನ್ನ ತಮ್ಮ.

ಹೊಲವನ್ನು ಗಾಲಿಮನೆಗಳಿಗೆ ಬಿಟ್ಟದ್ದು ಗೊತ್ತಿತ್ತು. ಕರೆಂಟು, ನೀರು ಎಳೆಸಿದ್ದೂ ಗೊತ್ತಿತ್ತು. ಅವನ್ನು ಓಣಿಯೊಳಗೆ ಕಳಿಸುತ್ತಾನೆಂದು ಗೊತ್ತಿರಲಿಲ್ಲ. ಅವನ ಹೊಲಕ್ಕೆ ಆಚೆ ಕಡೆಯಿಂದ ದೊಡ್ಡ ರಸ್ತೆ ಇದೆ, ಲಾರಿಗಳೇ ಬರುತ್ತವೆ. ಫೋನ್ ಹಚ್ಚಿದೆ.

"ಅಕ್ಕ, ಬರ್ತಾ ಇದೀನಿ, ದಾರೀಲಿದೀನಿ," ಎಂದ.

"ದೊಡ್ಡ ರಸ್ತೆ ಬಿಟ್ಟು ಇವರನ್ನ ಓಣಿಗೆ ಯಾಕೆ ಹಾಕಿದೆ ನೀನು?"

"ಆ ಬೋಳನೂ ಗಾಡಿ ನಿಲ್ಲಿಸೋ ಜಾಗ ಮಾಡಿದಾನಲ್ಲ, ದೊಡ್ಡ ರಸ್ತೇಲಿ ಅದೇ ಮೊದಲು ಸಿಗುತ್ತೆ ಅಕ್ಕ. ಈಜುಕೊಳ ಬೇರೆ ಮಾಡಿದಾನೆ. ಅದನ್ನ ನೋಡಿದ್ರೆ ನನ್ನ ಹತ್ರ ಯಾಕೆ ಬರ್ತಾರೆ, ಅಲ್ಲೇ ನಿಂತ್ಕೋತಾರೆ. ಹೋಗೋರು ನೋಡಿದ್ರೂ ಮುಂದಿನ ಸಲ ಅಲ್ಲಿಗೇ. ಓಣೀಲಿ ಬಂದ್ರೆ ನೇರ ನಮ್ಮ ಗೇಟು."

"ಓಣಿ ಎಷ್ಟು ಅಗಲ ಅಂತ ನಿನಗೆ ಗೊತ್ತಿಲ್ವಾ?"

"ಮೆಲ್ಲಗೆ ಬಂದ್ರೆ ಹಿಡಿಸುತ್ತೆ."

"ನನ್ನ ಪೆಟ್ಟಿಗೆಗಳು ಬೇಯ್ತಾ ಇವೆ ಕಣೋ."

"ಬಂದೆ, ಬಂದೆ," ಎಂದ.

ನೀರು ಹಾಕಿದರೆ ಸ್ವಲ್ಪ ತಡೆಯುತ್ತವೆ. ನನ್ನ ಕ್ಯಾನಿನಲ್ಲಿದ್ದದ್ದನ್ನು ಜಾಲರಿಗಳ ಮೇಲೆ ಚಿಮುಕಿಸಿದೆ. ಅರ್ಧದಷ್ಟು ಪೆಟ್ಟಿಗೆಗಳಿಗೂ ಸಾಲಲಿಲ್ಲ. ಟೋಪಿಯವನನ್ನು ಕೇಳಿದೆ. ಅವನ ಗಾಡಿಯ ಹೊಟ್ಟೆಯಲ್ಲಿ ಟ್ಯಾಂಕಿಡೀ ನೀರಿದೆ, ಹೊರಗೆ ಕೊಳವೆಯೂ ಜೋತಾಡುತ್ತಿದೆ.

ಅವನು ಕತ್ತು ಕೆರೆದುಕೊಂಡ. "ಅದು ಸ್ನಾನಕ್ಕೆ ತುಂಬಿಸಿದ್ದು. ಮುಂದಿನ ಜಾಗದವರೆಗೂ ಬರಬೇಕು. ಬೇಕಾದ್ರೆ ಕುಡಿಯೋ ನೀರಿನ ಬಾಟಲಿ ಒಂದು ಕೊಡ್ತೀನಿ."

ಒಂದು ದಿನ ಮೈ ತೊಳೆಯದಿದ್ದರೆ ಇವನೇನು ಸತ್ತು ಹೋಗುತ್ತಾನೆಯೇ? ನನ್ನ ಮಕ್ಕಳು ಬಕೆಟ್ಟಿನಲ್ಲಿ ಅಳೆದ ನೀರಿಗೆ ಮಿಂದು ಶಾಲೆಗೆ ಹೋಗುತ್ತವೆ. ಆ ನೀರಿಗೂ ಇಬ್ಬರೂ ದಿನಾ ಕಿತ್ತಾಡುತ್ತವೆ. ಇಲ್ಲಿ ಗಾಲಿಯ ಮೇಲೆ ಕೆರೆಯನ್ನೇ ಹೊತ್ತು ತಿರುಗುವವನು ಸಾಯುತ್ತಿರುವ ಜೀವಕ್ಕೆ ಒಂದು ಬಾಟಲಿ ಲೆಕ್ಕ ಹಾಕುತ್ತಾನೆ. ನಾನು ಏನನ್ನೋ ಹೇಳಲು ಹೊರಟೆ. ಅಷ್ಟರಲ್ಲಿ ಅವನ ಗಾಡಿಯ ಬಾಗಿಲು ತೆರೆದು ಅವನ ತಾಯಿ ಪಾತ್ರೆ ತೊಳೆಯುವ ಟಬ್ಬು ತುಂಬಾ ನೀರು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು.

"ತಗೋಮ್ಮ. ಇವನು ಹುಟ್ಟಿದಾಗಿನಿಂದ ಹೀಗೇ, ಕೊಡು ಅಂದ್ರೆ ಯೋಚನೆ ಮಾಡ್ತಾನೆ. ನಲ್ಲಿ ಬಿಟ್ಟಿದೀನಿ, ತುಂಬ್ತಾ ಇದೆ, ಬಾ."

"ಅಮ್ಮ, ಟ್ಯಾಂಕು..."

"ಟ್ಯಾಂಕಿಗೆ ಬೆಂಕಿ ಹಾಕು."

ಆ ಅಜ್ಜಿ ಒಳಗಿಂದ ತುಂಬಿ ಕೊಡುವುದು, ನಾನು ಹೊಯ್ಯುವುದು. ಟ್ಯಾಂಕು ಬರಿದಾಗುವವರೆಗೂ ಹೊಯ್ದೆ. ಸದ್ದು ಸ್ವಲ್ಪ ಇಳಿಯಿತು, ಮತ್ತೆ ಏರಿತು. ಬಿಸಿಲು ಗೋಡೆಯ ಮೇಲಿನಿಂದ ಇಳಿದು ನೇರ ಗಾಡಿಯ ಮೇಲೆ ಕೂತಿತ್ತು. ಹಿಂದಿನ ಸಾಲಿನ ಒಂದು ಪೆಟ್ಟಿಗೆಯ ಕೆಳಗಿಂದ ದಾರದಂತೆ ಜೇನು ಇಳಿಯುವುದು ಕಂಡಿತು. ಆ ಪೆಟ್ಟಿಗೆಯಿಂದ ಸದ್ದೇ ಇರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ: ಬಾಗಿಲು ತೆರೆದುಬಿಡುವುದು. ತೆರೆದರೆ ಉಳಿಯುತ್ತವೆ. ಆದರೆ ಒಮ್ಮೆ ಹಾರಿದ ಹುಳು ಹೊಸ ಜಾಗದ ಗುರುತು ಹಿಡಿದುಕೊಳ್ಳುತ್ತದೆ, ಸಂಜೆ ಅದೇ ಜಾಗಕ್ಕೆ ಮರಳುತ್ತದೆ. ಅಷ್ಟರೊಳಗೆ ಗಾಡಿ ಕದಲಿತೋ, ಮರಳಿ ಬಂದವು ಗೂಡಿಲ್ಲದೆ ಗಾಳಿಯಲ್ಲಿ ಸುತ್ತಿ ಸುತ್ತಿ ಸಾಯುತ್ತವೆ. ದುಡಿಯುವ ಹುಳುಗಳೇ ಅವು. ಅವು ಹೋದರೆ ಉಳಿದ ಪೆಟ್ಟಿಗೆ ತೋಟಕ್ಕೂ ಬೇಡ, ನಮಗೂ ಬೇಡ. ಅಂದರೆ, ತೆರೆದ ಮೇಲೆ ಕತ್ತಲಾಗುವವರೆಗೂ ನಾನು ಇಲ್ಲಿಂದ ಕದಲುವ ಹಾಗಿಲ್ಲ.

ಮುಖಕ್ಕೆ ಜಾಲರಿ ಇಳಿಬಿಟ್ಟು, ಇಬ್ಬರಿಗೂ ಕೇಳುವ ಹಾಗೆ ಹೇಳಿದೆ. "ನಾನು ಬಾಗಿಲು ತೆರೀತಾ ಇದೀನಿ. ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳಿ. ಸಂಜೆವರೆಗೆ ಇಳೀಬೇಡಿ."

"ಸಂಜೆವರೆಗಾ?" ಎಂದಳು ಕನ್ನಡಕದವಳು. "ನಾವು ದುಡ್ಡು ಕೊಟ್ಟು ರಜೆ ಕಳೆಯೋಕೆ ಬಂದಿರೋದು."

"ಕಳೀರಿ," ಎಂದೆ.

ಪಟ್ಟಿಗಳನ್ನು ಒಂದೊಂದಾಗಿ ಕಿತ್ತೆ. ಮೊದಲು ಹೊರಬಂದವು ಹಾರಲೂ ಇಲ್ಲ, ಒದ್ದೆಯಾಗಿ ಪೆಟ್ಟಿಗೆಯ ಮುಖದ ಮೇಲೆ ಗೊಂಚಲುಗಟ್ಟಿ ನೇತಾಡಿದವು. ಆಮೇಲೆ ಹೊಗೆಯ ಹಾಗೆ ಎದ್ದವು. ಓಣಿ ತುಂಬಿ, ಬೇಲಿ ತುಂಬಿ, ಎರಡೂ ಮನೆಗಳ ಗಾಜಿನ ಮೇಲೆ ಹರಿದಾಡಿದವು. ಗಾಜಿನ ಹಿಂದೆ ಟೋಪಿಯವನು ಹೂವಿನ ಪರದೆ ಎಳೆದುಕೊಂಡ. ಅವನ ತಾಯಿ ಮಾತ್ರ ಮೂಗನ್ನು ಗಾಜಿಗೆ ಒತ್ತಿಕೊಂಡು ನೋಡುತ್ತಾ ಕೂತರು.

ತಮ್ಮ ಬಂದದ್ದು ಅದೆಲ್ಲ ಒಂದು ತಹಬಂದಿಗೆ ಬಂದ ಮೇಲೆ. ಅವನೂ ಜೇನಿನ ಮನೆಯಲ್ಲೇ ಹುಟ್ಟಿದವನು, ಮುಖಕ್ಕೆ ಅಪ್ಪನ ಹಳೆಯ ಜಾಲರಿ ಹಾಕಿಕೊಂಡೇ ಬಂದಿದ್ದ. ನನ್ನ ಮುಖ ನೋಡದೆ ನೇರ ಹಿಂದಿನ ಗಾಡಿಗೆ ಹೋಗಿ, ಕನ್ನಡಕದವಳನ್ನು ಪಕ್ಕಕ್ಕೆ ಕೂರಿಸಿ, ತಾನೇ ಸ್ಟಿಯರಿಂಗ್ ಹಿಡಿದು, ಇಂಚಿಂಚಾಗಿ ತಿರುವು ದಾಟಿಸಿ ಬಾವಿಯವರೆಗೆ ಒಯ್ದು ನಿಲ್ಲಿಸಿದ. ಅವನು ಮನಸ್ಸು ಮಾಡಿದರೆ ಕೆಲಸಗಾರನೇ. ತಿರುಗಿ ನಡೆದು ಬಂದು, "ನೋಡು, ಹಿಂದೆ ಖಾಲಿ ಆಯ್ತು," ಎಂದ. "ಈಗ ನೀನು ಹಿಂದಕ್ಕೆ ತಗೋ. ಮುಂದಿನೋರು ಹೋಗಲಿ."

"ಹುಳು ಹೊರಗಿವೆ."

"ಅಕ್ಕ, ಎಲ್ಲಾ ಏನು ಹೋಗಿರಲ್ಲ."

"ನೀನು ಅಪ್ಪನ ಮಗ ತಾನೇ? ಎಷ್ಟು ಹೋಗಿವೆ ಅಂತ ನಿನಗೆ ನಾನು ಹೇಳಿಕೊಡಬೇಕಾ?"

ಅವನು ಬೇಲಿ ನೋಡಿದ. ಮುಳ್ಳಿನ ಗಿಡದ ಸಣ್ಣ ಬಿಳಿ ಹೂಗಳ ಮೇಲೆಲ್ಲ ನನ್ನ ಹುಳುಗಳಿದ್ದವು. ಎಷ್ಟು ಬೇಗ ಕೆಲಸಕ್ಕೆ ಇಳಿದುಬಿಟ್ಟಿದ್ದವು ಅವು.

"ಅವರು ನನ್ನ ಗಿರಾಕಿಗಳು," ಎಂದ ಮೆಲ್ಲಗೆ. "ಹೋಗಿ ಇಂಟರ್‌ನೆಟ್ಟಲ್ಲಿ ಏನೇನೋ ಬರೀತಾರೆ. ನನಗೂ ಮಕ್ಕಳಿದಾರೆ."

"ನನಗೆ ಇರೋದೇನು ಬೆಕ್ಕಿನ ಮರಿಗಳಾ?"

ಪರದೆ ಸರಿಸಿ ಟೋಪಿಯವನು ಗಾಜು ಬಡಿದ. ಕೈಯಲ್ಲೇ ಹಿಂದೆ ತೋರಿಸಿದ: ದಾರಿ ಇದೆಯಲ್ಲ, ತೆಗೀರಿ. ತಮ್ಮ ಅವನಿಗೆ ಕೈಮುಗಿದ. ಅದನ್ನು ನೋಡಿದ್ದೇ ನನ್ನ ಮೈಯೆಲ್ಲ ಉರಿದುಹೋಯಿತು. ಗಾಡಿಗೆ ಬೀಗ ಹಾಕಿ ಕೀಲಿಯನ್ನು ರವಿಕೆಯೊಳಗೆ ಸೇರಿಸಿ ಗೋಡೆಯ ನೆರಳಿಗೆ ಕೂತೆ. ತಮ್ಮ ಸಿಟ್ಟು ಮಾಡಿದ, ಗೋಗರೆದ, ಅಮ್ಮ ಇದ್ದಿದ್ದರೆ ಹೀಗೆ ಮಾಡುತ್ತಿದ್ದೆಯಾ ಎಂದ. ಅಮ್ಮ ಇದ್ದಿದ್ದರೆ ನಿನ್ನ ಕಿವಿ ಇಷ್ಟು ಹೊತ್ತಿಗೆ ಅವಳ ಕೈಯಲ್ಲಿರುತ್ತಿತ್ತು ಎಂದೆ. ತೋಟದವರು ಫೋನ್ ಮಾಡಿ ಪೆಟ್ಟಿಗೆ ಎಲ್ಲಿ ಎಂದು ಕೂಗಾಡಿದರು. ಇವತ್ತೇ ಇಳಿಸುತ್ತೇನೆ, ಕತ್ತಲಾದ ಮೇಲೆ ಎಂದೆ. ಇಳಿಸದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದರು. ಮನೆಯಿಂದ ದೊಡ್ಡ ಮಗಳು ಫೋನ್ ಮಾಡಿ, ಅಪ್ಪ ಮಲಗಿದಾರೆ, ಅನ್ನಕ್ಕೆ ಎಷ್ಟು ನೀರು ಇಡಲಿ ಎಂದಳು. ಬೆರಳಿನ ಗೆಣ್ಣಿನಷ್ಟು ಎಂದೆ. ಯಾರ ಬೆರಳು, ನಿಂದಾ ನಂದಾ ಎಂದಳು.

ಟೋಪಿಯವನ ಮನೆ ಆ ದಿನವಿಡೀ ಅಲ್ಲೇ ನಿಂತಿತ್ತು. ಮಧ್ಯಾಹ್ನ ಒಳಗೆ ಊಟ ಮಾಡಿದರು, ಪಾತ್ರೆ ಸದ್ದು ಕೇಳಿಸಿತು. ತೊಳೆಯಲು ನೀರಿರಲಿಲ್ಲ.

ಬಿಸಿಲು ಬಿದ್ದುಹೋದ ಮೇಲೆ ಹುಳುಗಳು ಮರಳತೊಡಗಿದವು. ಮೊದಲು ಸಾಲುಸಾಲಾಗಿ, ಆಮೇಲೆ ಒಂಟಿ ಒಂಟಿಯಾಗಿ, ಹೊಟ್ಟೆ ಭಾರಕ್ಕೆ ಅಂಚಿನ ಮೇಲೆ ಬಿದ್ದು, ಎದ್ದು, ಒಳಗೆ ನಡೆದವು. ಟೋಪಿಯವನು ಬಾಗಿಲನ್ನು ಒಂದಿಷ್ಟೇ ತೆರೆದು, "ಈಗ?" ಎಂದ.

"ಇನ್ನೂ ಬರ್ತಾ ಇವೆ."

ಮತ್ತೆ ಕೇಳಲಿಲ್ಲ. ಬಹುಶಃ ಒಳಗಿಂದ ಅವನ ತಾಯಿ ಅಂಗಿ ಹಿಡಿದೆಳೆದಿರಬೇಕು.

ಕೊನೆಯದು ಒಳಗೆ ಹೋಗುವವರೆಗೂ ಕಾದು ಪಟ್ಟಿ ಹೊಡೆದೆ. ತಮ್ಮ ಮೊಳೆ ಕೊಡುತ್ತಾ ಹೋದ, ನಾನು ಬೇಡ ಎನ್ನಲಿಲ್ಲ. ಆಮೇಲೆ ಗಾಡಿಯನ್ನು ಹಿಂದಕ್ಕೆ, ತಿರುವು ದಾಟಿಸಿ, ಇಳಿಜಾರಿನುದ್ದಕ್ಕೂ ಕತ್ತು ಹೊರಳಿಸಿಕೊಂಡು, ಬಾವಿಯವರೆಗೆ ತಂದೆ. ಕೊನೆಗೂ ಹಿಂದೆ ಸರಿದದ್ದು ನಾನೇ. ಟೋಪಿಯವನು ದೊಡ್ಡ ದೀಪಗಳನ್ನು ನನ್ನ ಕಣ್ಣಿಗೇ ಹಾಯಿಸುತ್ತಾ ಇಳಿದು ಬಂದ, ಹಿಂದಿನ ಮೂಲೆಯ ತಗಡು ಜೋತಾಡುತ್ತಿತ್ತು, ನನ್ನ ಕಡೆ ನೋಡದೆ ಹೋದ. ಅಜ್ಜಿ ನೋಡಿದರು. ತಮ್ಮ ಆ ಕನ್ನಡಕದವಳಿಗೆ ದೊಡ್ಡ ರಸ್ತೆಯ ದಾರಿ ಹೇಳಿಕೊಡುತ್ತಿದ್ದ. ಈಗ ಬಾಯಿಗೆ ಬಂತು ನೋಡಿ, ದೊಡ್ಡ ರಸ್ತೆ.

ಸತ್ತ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಅಡಿಯಿಂದ ಇನ್ನೂ ಜೇನು ಸುರಿಯುತ್ತಿತ್ತು. ತಮ್ಮ ಹತ್ತಿರ ಬಂದು, ಬೆರಳು ಅದ್ದಿ, ನಾಲಿಗೆಗೆ ಹಚ್ಚಿಕೊಂಡ.

"ಜೇನೇನು ಕೆಟ್ಟಿಲ್ಲ ಅಕ್ಕ. ಸೋಸಿ ಬಾಟಲಿಗೆ ತುಂಬಿಸಿದ್ರೆ ನನ್ನ ಹತ್ರ ಬರೋರಿಗೆ ಮಾರಬಹುದು. ಇಂಥದ್ದನ್ನೇ ಕೇಳ್ತಾರೆ ಅವರು, ಹಳ್ಳಿಯದ್ದು, ಅಪ್ಪಟ."

ಮುಚ್ಚಳ ತೆಗೆದು ಟಾರ್ಚು ಬಿಟ್ಟೆ. ಮೇಣದ ತಟ್ಟಿಗಳೆಲ್ಲ ಕುಸಿದು ಒಂದರ ಮೇಲೊಂದು ಮಡಿಚಿಕೊಂಡಿದ್ದವು. ನಡುವೆ ಹುಳುಗಳು, ರಾಶಿ, ರೆಕ್ಕೆ ಅಂಟಿ, ಕಪ್ಪಗೆ ಹೊಳೆಯುತ್ತಾ. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಹೋಗಲಿಲ್ಲ ಅದು, ಜೇನಲ್ಲವೇ.

"ಗಾಡಿ ಹತ್ತು," ಎಂದೆ. "ತೋಟದಲ್ಲಿ ಪೆಟ್ಟಿಗೆ ಇಳಿಸೋಕೆ ಒಬ್ಬರು ಬೇಕು."

"ಆ ಮೇಡಂ ಮೇಲೆ ಬಂದು ಕಾಯ್ತಿರ್ತಾರೆ. ಗೇಟು ತೆಗೀಬೇಕು. ಕರೆಂಟು ಹಾಕಿಕೊಡಬೇಕು."

"ಕಾಯಲಿ."

ಅವನು ಓಣಿಯ ಮೇಲ್ತುದಿಯ ಕಡೆ ಒಮ್ಮೆ ನೋಡಿದ, ಫೋನ್ ತೆಗೆದು ನೋಡಿದ, ಮತ್ತೆ ಜೇಬಿಗೆ ಹಾಕಿದ. ಸತ್ತ ಪೆಟ್ಟಿಗೆಯನ್ನು ಎತ್ತಿಕೊಂಡು ನನ್ನ ಪಕ್ಕದ ಸೀಟಿಗೆ ಹತ್ತಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಒಗೆದ ಪ್ಯಾಂಟಿನ ಮೇಲೆ ಜೇನು ಇಳಿಯುತ್ತಲೇ ಇತ್ತು. ಹಿಂದೆ ಇಡು ಎಂದು ನಾನೂ ಹೇಳಲಿಲ್ಲ, ಇಡಲೇ ಎಂದು ಅವನೂ ಕೇಳಲಿಲ್ಲ.